ಲೇಬಲಣ್ಣನ ವಂಶದ ಭುಜನೋವು

ಗಾಜಿನ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದ ಮನುಷ್ಯನಿಗೆ ಈ ಲೋಕದಲ್ಲಿ ಒಂದೇ ಒಂದು ನಂಬಿಕೆ ಉಳಿದಿರುತ್ತದೆ. ಚೀಟಿ ಇದ್ದದ್ದು ಇದೆ, ಚೀಟಿ ಇಲ್ಲದ್ದು ಇಲ್ಲ. ದೇವರ ವಿಷಯದಲ್ಲಿ ಅವನಿಗೆ ಒಂದಿಷ್ಟು ಅನುಮಾನ ಇದ್ದದ್ದೂ ಇದೇ ಕಾರಣಕ್ಕೆ.

ಕಾರ್ಖಾನೆಯೂ ಬೀದಿಯೂ ಅವನನ್ನು ಲೇಬಲಣ್ಣ ಅಂತಲೇ ಕರೆಯುತ್ತಿದ್ದವು. ಸೀಸೆಗಳ ಪೆಟ್ಟಿಗೆಗೆ 'ಒಡೆಯುವ ವಸ್ತು, ಜೋಪಾನ' ಎಂದು ಅಂಟಿಸುವುದು ಅವನ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಉಪ್ಪಿನ ಡಬ್ಬಕ್ಕೆ 'ಉಪ್ಪು', ಸಕ್ಕರೆ ಡಬ್ಬಕ್ಕೆ 'ಸಕ್ಕರೆ', ಮೂಲೆಯಲ್ಲಿ ನಿಂತ ಕೊಡೆಗೆ 'ಕೊಡೆ'. "ಯಾವತ್ತೋ ಒಂದಿನ ನನ್ನ ಹಣೆಗೂ 'ಹೆಂಡತಿ, ಈ ಬದಿ ಮೇಲೆ' ಅಂತ ಅಂಟಿಸಿಬಿಡ್ತೀರಿ," ಎಂದು ಹೆಂಡತಿ ಗೊಣಗುತ್ತಿದ್ದಳು. ಆ ವಿಚಾರ ಅವನಿಗೆ ಬಂದಿರಲಿಲ್ಲ ಎಂದು ನಾವು ಪ್ರಮಾಣ ಮಾಡಿ ಹೇಳಲಾರೆವು.

ರವಾನೆ ವಿಭಾಗದಲ್ಲಿ ಒಂದು ಹಳೇ ಕಟ್ಟಳೆಯಿತ್ತು. ಅಂಟಿಸಿದ ಚೀಟಿಯನ್ನು ಯಾರೂ ಕಿತ್ತು ಬಿಸಾಡುವಂತಿಲ್ಲ. ಕಿತ್ತರೆ ಅದನ್ನು 'ಕಿತ್ತ ಚೀಟಿಗಳ ಪುಸ್ತಕ'ದಲ್ಲಿ ಮತ್ತೆ ಅಂಟಿಸಿ, ಪಕ್ಕದಲ್ಲಿ ಕೀಳಿಸಿದವರ ಸಹಿ ಹಾಕಿಸಬೇಕು. ಯಾವುದೋ ಕಾಲದಲ್ಲಿ ಮುಲಾಮಿನ ಸೀಸೆಗಳು ಜಾಮಿನ ಕಂಪನಿಗೆ ಹೋಗಿ ರಾದ್ಧಾಂತವಾದ ಮೇಲೆ ಬಂದ ನಿಯಮ. ಸೀಸೆ ಹೋಗಬಾರದ ಕಡೆ ಹೋದರೆ ಹೀಗೆ ನಿಯಮ ಬರುತ್ತದೆ. ಮನುಷ್ಯನ ಕೈಕಾಲು ಹೋದರೆ ಬರೀ ಸಂತಾಪ ಬರುತ್ತದೆ. ಈ ಪುಸ್ತಕವನ್ನು ಲೇಬಲಣ್ಣನ ಹೊರತು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಅವನು ಮಾತ್ರ ಕಿತ್ತ ಚೀಟಿ ಹಿಡಿದು ಸಹಿಗಾಗಿ ಸಾಹೇಬರ ಹಿಂದೆ ಊಟದ ಕೋಣೆಯವರೆಗೂ ಹೋಗುತ್ತಿದ್ದ. ಅವರೂ ಪೀಡೆ ತೊಲಗಲಿ ಎಂದು ನೋಡದೆ ಗೀಚುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಪೆಟ್ಟಿಗೆ ತುಂಬಿದ ಟ್ರಾಲಿ ಇಳಿಜಾರಿನಲ್ಲಿ ತಾನೇ ತಾನಾಗಿ ಹಿಂದಕ್ಕೆ ಉರುಳಿ ಬಂದು ಲೇಬಲಣ್ಣನ ಬಲಭುಜವನ್ನು ಕಂಬಕ್ಕೆ ಒತ್ತಿತು. ಟ್ರಾಲಿಯ ಬ್ರೇಕಿಗೆ ಪಿನ್ನಿರಲಿಲ್ಲ. ಮೂರು ತಿಂಗಳಿಂದ ಅದರ ಜಾಗದಲ್ಲಿ ಒಂದು ಮರದ ಚಕ್ಕೆ ಕೆಲಸ ಮಾಡುತ್ತಿತ್ತು, ಅದೂ ರಜೆಯಿಲ್ಲದೆ. ಆ ದಿನ ಚಕ್ಕೆಗೇ ಸಾಕಾಯಿತು.

ಪೆಟ್ಟಿಗೆಗಳು ಒಡೆಯಲಿಲ್ಲ. ಮೇಸ್ತ್ರಿ ಮೊದಲು ನೋಡಿದ್ದು ಅದನ್ನೇ.

ಕಾರ್ಖಾನೆಗೆ ವಾರಕ್ಕೆರಡು ಸಲ ಬರುವ ಡಾಕ್ಟರೊಬ್ಬರಿದ್ದರು. ತಲೆನೋವಿಗೂ, ಕಾಲುಳುಕಿಗೂ, ಕುಲುಮೆಯ ಸುಟ್ಟಗಾಯಕ್ಕೂ ಅವರ ಹತ್ತಿರ ಇದ್ದದ್ದು ಒಂದೇ ಜಾತಿಯ ಬಿಳಿ ನೋವಿನಮಾತ್ರೆ. ಹಾಗಾಗಿ ಅವರ ಹೆಸರೂ ಬಿಳಿಮಾತ್ರೆ ಡಾಕ್ಟರು. ಮೂಳೆ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವರು ಲೇಬಲಣ್ಣನಿಗೆ ದಿನಕ್ಕೆರಡು ಮಾತ್ರೆ ಬರೆದರು. ನೋವು ಹೋಗಲಿಲ್ಲ. ಮೂರು ಮಾಡಿದರು. ಬಾಯಿ ಒಣಗಿತು, ತಲೆ ಸುತ್ತಿತು, ನೋವು ಇದ್ದಲ್ಲೇ ಕಾಲು ಚಾಚಿ ಕೂತಿತ್ತು.

"ಇಡೀ ಕಾರ್ಖಾನೆಗೆ ಹಿಡಿದ ಮಾತ್ರೆ ನಿನಗೊಬ್ಬನಿಗೆ ಹಿಡಿಯಲ್ವೇನಯ್ಯ?" ಎಂದರು ಡಾಕ್ಟರು.

"ಹಿಡೀತಿಲ್ಲ ಸಾರ್."

"ಮಾತ್ರೆ ಸುಳ್ಳು ಹೇಳಲ್ಲಯ್ಯ. ಹೇಳಿದ್ರೆ ಮನುಷ್ಯ ಹೇಳಬೇಕು." ಹೀಗೆಂದವರೇ ಅವನ ಫೈಲಿನ ಮೇಲೆ ಏನೋ ಬರೆದರು. ಲೇಬಲಣ್ಣ ತಲೆಕೆಳಗಾದ ಅಕ್ಷರ ಓದುವುದರಲ್ಲಿ ನುರಿತವನು. 'ನೋವು ನಟಿಸುತ್ತಾನೆ' ಎಂದಿತ್ತು. ಹತ್ತೊಂಬತ್ತು ವರ್ಷ ಊರಿಗೆಲ್ಲ ಚೀಟಿ ಅಂಟಿಸಿದವನ ಮೇಲೆ ಕಡೆಗೂ ಒಂದು ಚೀಟಿ ಬಿತ್ತು. ಅದೂ ತಪ್ಪು ಚೀಟಿ.

ಮನೆಯಲ್ಲಿ ಹೆಂಡತಿ ಇದನ್ನು ಕೇಳಿ ಪಾತ್ರೆ ಕುಕ್ಕಿದಳು. "ನಿಮ್ಮಮ್ಮನಿಗೆ ಸೊಂಟದ ಆಪರೇಷನ್ ಆದಾಗಲೂ ಹೀಗೇ ತಾನೇ? ಆಸ್ಪತ್ರೆಯೋರು ಮಾತ್ರೆ ಮೇಲೆ ಮಾತ್ರೆ ಕೊಟ್ರು, ಅತ್ತೆ ನರಳೋದು ನಿಲ್ಲಿಸಲಿಲ್ಲ. ವಾರ್ಡೆಲ್ಲ 'ನಾಟಕದಜ್ಜಿ' ಅಂತ ಕರೀತು. ನಾವೂ ಹಾಗೇ ಅಂದ್ಕೊಂಡ್ವಿ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ತಾಯಿ ಕನ್ನಡಕ ಒರೆಸುತ್ತ, "ನಾವೂ ಅಂದ್ರೆ ನೀನೂ," ಎಂದಷ್ಟೇ ಹೇಳಿದಳು.

ಮರುದಿನ ಹೆಂಡತಿ ಅವನನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿ ನೋವಿಗೆಂದೇ ಒಂದು ಕೋಣೆ, ಆ ಕೋಣೆಗೊಬ್ಬ ಲೇಡಿ ಡಾಕ್ಟರು. ಅವರು ಭುಜ ಮುಟ್ಟುವ ಮುಂಚೆ ಕೇಳಿದ್ದು ಬೇರೆಯೇ ಪ್ರಶ್ನೆ. "ನಿಮ್ಮನೇಲಿ ಇನ್ಯಾರಿಗಾದ್ರೂ ಇಂಥ ಮಾತ್ರೆ ಹಿಡಿಯದೆ ಹೋಗಿತ್ತಾ?"

ಗಂಡ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅತ್ತೆಯ ಸೊಂಟದ ಪುರಾಣ ಮುಗಿಸಿದ್ದಳು. ಲೇಡಿ ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಿಂದ ಲೇಬಲಣ್ಣನ ಕೆನ್ನೆಯ ಒಳಬದಿ ಕೆರೆದು, ಕಡ್ಡಿಯನ್ನು ನಳಿಗೆಯಲ್ಲಿಟ್ಟು, ನಳಿಗೆಗೆ ಒಂದು ಚೀಟಿ ಅಂಟಿಸಿದರು. ಚೀಟಿ ಸೊಟ್ಟಗಿತ್ತು. ಅವನು ಕೇಳಿ ಇಸಿದುಕೊಂಡು ನೆಟ್ಟಗೆ ಅಂಟಿಸಿಕೊಟ್ಟ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಅಂಗೈಯಗಲದ ಒಂದು ಕಾರ್ಡು.

"ನೋಡಿ," ಎಂದರು ಲೇಡಿ ಡಾಕ್ಟರು, "ಆ ಬಿಳಿ ಮಾತ್ರೆ ಅನ್ನೋದು ಮುಚ್ಚಿದ ಪೆಟ್ಟಿಗೆ ಇದ್ದ ಹಾಗೆ. ಮದ್ದು ಅದರ ಒಳಗಿದೆ. ಲಿವರು ಅದನ್ನ ಬಿಚ್ಚಿದ್ರೆ ಮಾತ್ರ ನೋವು ಕಡಿಮೆಯಾಗೋದು. ಬಿಚ್ಚೋದಕ್ಕೆ ಒಂದು ಕತ್ತರಿ ಬೇಕು. ಆ ಕತ್ತರಿ ಮಾಡಿಸೋ ಜೀನು ನಿಮ್ಮಲ್ಲಿ ಕೆಲಸ ಮಾಡ್ತಿಲ್ಲ. ಮೂರಲ್ಲ, ಮೂವತ್ತು ನುಂಗಿದ್ರೂ ಪೆಟ್ಟಿಗೆ ಪೆಟ್ಟಿಗೆಯಾಗೇ ಇರುತ್ತೆ, ಬರೀ ತಲೆ ಸುತ್ತುತ್ತೆ. ಎಲ್ಲರ ನೋವಿಗೂ ಈ ಪರೀಕ್ಷೆ ಉತ್ತರ ಹೇಳಲ್ಲ. ನಿಮ್ಮ ವಿಷಯದಲ್ಲಿ ಹೇಳಿದೆ. ಕತ್ತರಿ ಬೇಡದ ಬೇರೆ ಮದ್ದು ಕೊಡ್ತೀನಿ."

"ಅಂದ್ರೆ ಇದು ವಂಶದಿಂದ ಬಂದದ್ದಾ ಮೇಡಂ?"

"ಹೌದು. ಅಮ್ಮನ ಕಡೆಯಿಂದ ಒಂದು ಪಾಲು, ಅಪ್ಪನ ಕಡೆಯಿಂದ ಒಂದು ಪಾಲು. ಎರಡೂ ಸೇರಿದ್ರೇನೇ ಹೀಗಾಗೋದು."

ಹೊಸ ಮದ್ದು ನುಂಗಿದ ಮಧ್ಯಾಹ್ನ ಲೇಬಲಣ್ಣ ಆಸ್ಪತ್ರೆಯ ಬೆಂಚಿನ ಮೇಲೆಯೇ ನಿದ್ದೆ ಹೋದ. ಆರು ವಾರಗಳಲ್ಲಿ ಅವನು ಬಲಕ್ಕೆ ತಿರುಗಿ ಮಲಗಿದ್ದು ಅದೇ ಮೊದಲು. ಹೆಂಡತಿ ಎಬ್ಬಿಸಲಿಲ್ಲ. ಮುಂದೆ ನಡೆದದ್ದನ್ನು ನೋಡಿದರೆ, ಅಂದೇ ಎಬ್ಬಿಸಿ ಡಾಕ್ಟರು ಹೇಳಿದ್ದನ್ನು ಬಾಯಿಪಾಠ ಮಾಡಿಸಬೇಕಿತ್ತು ಅನ್ನಿಸುತ್ತದೆ.

ಯಾಕೆಂದರೆ ಎದ್ದ ಲೇಬಲಣ್ಣನ ತಲೆಯಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಕತ್ತರಿಯೂ ಇರಲಿಲ್ಲ. ಇದ್ದದ್ದು ಎರಡೇ ಸಂಗತಿ. ಒಂದು, ತನ್ನ ನೋವಿಗೆ ಚೀಟಿ ಸಿಕ್ಕಿದೆ. ಎರಡು, ಅದು ವಂಶದ್ದು.

ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಬೀದಿಯಲ್ಲಿ ಮೊದಲು ಎದುರಾದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಅವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿರಲಿಲ್ಲ, ಇದ್ದರೆ ಅದು ಅವರಿಗೆ ಗೊತ್ತಿರಲಿಲ್ಲ.

"ಏನಯ್ಯ ಇದು ಕೊರಳಲ್ಲಿ?"

"ನನ್ನದು ಮಾಮೂಲಿ ನೋವಲ್ಲ ಮೇಷ್ಟ್ರೇ. ವಂಶದ ನೋವು. ಕಂಡಕಂಡ ಮಾತ್ರೆಗೆಲ್ಲ ಜಗ್ಗಲ್ಲ."

ಮೇಷ್ಟ್ರು ಕಾರ್ಡನ್ನು ಒಂದು ಮೊಳ ದೂರ ಹಿಡಿದು, ಓದದೆಯೇ ತಲೆದೂಗಿದರು. "ಜೀನು ಅಂದ್ರೆ ಸಾಮಾನ್ಯ ಅಲ್ಲ ಕಣಯ್ಯ. ವಂಶಕ್ಕೆ ಅಂಟಿಕೊಂಡು ಬರೋ ಬಾಧೆ ಎಲ್ಲ ಹಿಂದೆ ರಾಜಮನೆತನಗಳಲ್ಲೇ ಇದ್ದದ್ದು. ನಿಮ್ಮ ಮುತ್ತಾತ ಏನ್ಮಾಡ್ತಿದ್ದ?"

"ಚೀಲ ಹೊಲೀತಿದ್ದ."

"ಅದು ಆಮೇಲೆ. ಅದಕ್ಕೂ ಮುಂಚೆ?"

ಅದಕ್ಕೂ ಮುಂಚೆ ಏನೆಂದು ಯಾರಿಗೆ ಗೊತ್ತು? ಗೊತ್ತಿಲ್ಲದ ಜಾಗದಲ್ಲಿ ಒಂದು ಕಿರೀಟ ಇಡುವುದಕ್ಕೆ ಅಡ್ಡಿಯೇನಿಲ್ಲವಲ್ಲ.

ಸುದ್ದಿ ಕೇಳಿ ಭಾನುವಾರ ಸೋದರಮಾವನೂ ಚಿಕ್ಕಪ್ಪನೂ ಒಂದೇ ಹೊತ್ತಿಗೆ ಬಂದರು. ಬಂದದ್ದು ಜಗಳಕ್ಕೆ.

"ನಮ್ಮ ಕಡೆ ಇಂಥದ್ದೆಲ್ಲ ಇಲ್ಲ," ಎಂದ ಸೋದರಮಾವ. "ನಾವೆಲ್ಲ ಗಟ್ಟಿ ಆಳುಗಳು. ಅಳಿಯನಿಗೆ ಬಂದಿದ್ರೆ ಅದು ಅವರಪ್ಪನ ಕಡೇದೇ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ," ಎಂದ ಚಿಕ್ಕಪ್ಪ. "ನಮ್ಮಣ್ಣ ಹಲ್ಲು ಕೀಳಿಸಿಕೊಂಡು ಅದೇ ಮಧ್ಯಾಹ್ನ ಕೆಲಸಕ್ಕೆ ಹೋದವನು. ವಾರ್ಡಿನಲ್ಲಿ ಊರು ಕೇಳೋ ಹಂಗೆ ನರಳಿದ್ದು ಯಾರು? ಅತ್ತಿಗೆ ತಾನೇ?"

ತಾಯಿ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಈ ಎರಡು ಮನೆಗಳು ಸೂರ್ಯ ಮೂಡುವ ದಿಕ್ಕಿನ ಬಗ್ಗೆಯೂ ಒಮ್ಮತಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಪೇಪರು ಕೇಳುವ ನೆಪದಲ್ಲಿ ಒಳಗೆ ಬಂದು ರಾಜಮನೆತನದ ಮಾತು ಎತ್ತಿದರು. ಜಗಳಕ್ಕೆ ಬಂದ ಇಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

"ಹಂಗೆ ನೋಡಿದ್ರೆ," ಎಂದು ಸೋದರಮಾವ ಗಂಟಲು ಸರಿಮಾಡಿಕೊಂಡ, "ನನಗೂ ಆವಾಗಾವಾಗ ಮಂಡಿ ಹಿಡಿಯುತ್ತೆ. ಯಾವ ಮಾತ್ರೆಗೂ ಜಗ್ಗಲ್ಲ."

"ನಿಮಗೆ ಮಂಡಿ. ನನಗೆ ಬೆನ್ನು! ಹದಿನೈದು ವರ್ಷದಿಂದ!" ಎಂದ ಚಿಕ್ಕಪ್ಪ.

ಕಾಫಿ ತರುವ ಹೊತ್ತಿಗೆ ಇಬ್ಬರೂ ನೋವಿನ ವಾರಸುದಾರಿಕೆಗಾಗಿ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಲೇಬಲಣ್ಣ ನಡುವೆ ನಿಂತು, "ಎರಡೂ ಕಡೆಯಿಂದ ಸಮಪಾಲು ಅಂತ ಡಾಕ್ಟರೇ ಹೇಳಿದ್ದಾರೆ," ಎಂದಾಗ ಇಬ್ಬರಿಗೂ ಆದ ನಿರಾಸೆ ಹೇಳತೀರದು. ಗೌರವದಲ್ಲಿ ಬೀಗರು ಪಾಲು ಕೇಳುವುದನ್ನು ಯಾವ ಕುಲೀನನೂ ಸಹಿಸಲಾರ.

ಸೋಮವಾರ ಲೇಬಲಣ್ಣ ಎದೆಯುಬ್ಬಿಸಿ ಕಾರ್ಖಾನೆಗೆ ಹೋದ. ಗೇಟಿನವನಿಗೆ ಹೇಳಿದ, ಕುಲುಮೆಯವರಿಗೆ ಹೇಳಿದ, ಬಿಳಿಮಾತ್ರೆ ಡಾಕ್ಟರ ಮೂಗಿನ ಮುಂದೆ ಕಾರ್ಡು ಆಡಿಸಿದ. "ನಟನೆಯಲ್ಲ ಸಾರ್, ವಂಶದ್ದು! ನಮ್ಮ ರಕ್ತದಲ್ಲೇ ಇರೋ ನೋವು!" ಡಾಕ್ಟರು ಪೆಚ್ಚಾಗುತ್ತಾರೆ ಅಂದುಕೊಂಡಿದ್ದ. ಅವರು ಪೆಚ್ಚಾಗಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಹೌದಾ? ಹಾಗಂತ ಬರೆದುಕೊಡ್ತೀಯಾ?" ಎಂದರು.

ಮಧ್ಯಾಹ್ನ ಕ್ಷೇಮಾಧಿಕಾರಿಗಳಿಂದ ಕರೆ ಬಂತು. ಕ್ಷೇಮಾಧಿಕಾರಿ ಎಂದರೆ ಕ್ಷೇಮ ನೋಡಿಕೊಳ್ಳುವವರು. ಯಾರ ಕ್ಷೇಮ ಎಂದು ಹುದ್ದೆಯ ಹೆಸರಿನಲ್ಲಿ ಹೇಳಿಲ್ಲ. ಅವರು ಎದ್ದು ನಿಂತು ಲೇಬಲಣ್ಣನ ಕೈ ಕುಲುಕಿದರು. ಕುಲುಕಿದ್ದು ಬಲಗೈ. ಅವನಿಗೆ ನಕ್ಷತ್ರ ಕಂಡವು.

"ನಮಗೆ ಎಷ್ಟು ನೆಮ್ಮದಿ ಆಯ್ತು ಗೊತ್ತೇನಪ್ಪ? ಪಾಪ, ಆ ಟ್ರಾಲಿ ಮೇಲೆ ಸುಮ್ಮನೆ ಅಪವಾದ ಬಂದಿತ್ತು. ಈಗ ನೀನೇ ಹೇಳ್ತಿದ್ದೀಯ, ನೋವು ರಕ್ತದಲ್ಲೇ ಇತ್ತು ಅಂತ. ಇಲ್ಲೊಂದು ಸಹಿ ಹಾಕು."

ಕಾಗದದಲ್ಲಿ ಮೂರು ಸಾಲಿತ್ತು. ಭುಜನೋವು ವಂಶಪಾರಂಪರ್ಯವಾದದ್ದು. ಅದಕ್ಕೂ ಕಾರ್ಖಾನೆಗೂ ಸಂಬಂಧವಿಲ್ಲ. ಆದ್ದರಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.

ಲೇಬಲಣ್ಣನ ಎದೆಯೊಳಗಿನ ಕಿರೀಟ ಟಣ್ ಎಂದು ಕೆಳಗೆ ಬಿತ್ತು. "ಸಾರ್, ನಾನು ಕೆಲಸ ಬಿಡ್ತೀನಿ ಅಂದಿಲ್ಲವಲ್ಲ."

"ವಂಶದಲ್ಲೇ ಊನ ಇರೋರನ್ನ ಗಾಜಿನ ಮಧ್ಯೆ ಹೇಗಪ್ಪ ಇಟ್ಕೊಳ್ಳೋದು? ಗುರುವಾರ ವಿಚಾರಣೆ ಇದೆ. ಬಂದು ಸಹಿ ಹಾಕು, ಮರ್ಯಾದೆಯಿಂದ ಹೋಗು. ಇಲ್ಲಾಂದ್ರೆ ಫೈಲಿನಲ್ಲಿ 'ನಟನೆ' ಅಂತ ಇದ್ದೇ ಇದೆ, ಆ ಲೆಕ್ಕದಲ್ಲಿ ಕಳಿಸ್ತೀವಿ. ನೀನೇ ಆರಿಸಿಕೋ."

ನಟಿಸಿದರೆ ಕಳ್ಳ, ನಿಜವಾದರೆ ಊನ. ಹೀಗೆ ಎರಡು ಬಾಗಿಲಿಟ್ಟು ಎರಡನ್ನೂ ಬೀದಿಗೇ ತೆರೆಯುವ ಮನೆ ಕಟ್ಟುವುದಕ್ಕೆ ದೊಡ್ಡ ದೊಡ್ಡ ತಲೆಗಳು ಬೇಕು. ಕಾರ್ಖಾನೆಗಳಲ್ಲಿ ಅವಕ್ಕೇನೂ ಬರವಿಲ್ಲ.

ಸಂಜೆ ವಿಷಯ ಕೇಳಿ ಹೆಂಡತಿ ಕೆಂಡವಾದಳು. "ಊರಿಗೆಲ್ಲ ಡಂಗುರ ಹೊಡೆದ್ರಲ್ಲ, ವಂಶ ವಂಶ ಅಂತ! ಹತ್ತೊಂಬತ್ತು ವರ್ಷದ ಕೆಲಸ ಹೋಗುತ್ತೆ. ರಾಜರಿಗೆ ಅರಮನೆ ಇರುತ್ತೆ ಕಣ್ರೀ, ನಮಗಿರೋದು ಈ ಬಾಡಿಗೆ ಮನೆ!"

ಅವನು ಕೊರಳಿನ ಕಾರ್ಡನ್ನು ಕೈಯಲ್ಲಿ ಹಿಡಿದು ಕೂತ. ತಾಯಿ ಕುರ್ಚಿಯಿಂದ ಕೈ ಚಾಚಿದಳು.

"ತಾ ಇಲ್ಲಿ ಅದನ್ನ. ಎಲ್ಲರೂ ಅದರ ಬಗ್ಗೆ ಮಾತಾಡೋದೇ ಆಯ್ತು. ಓದಿದೋರು ಯಾರಾದ್ರೂ ಇದ್ದೀರಾ?"

ಯಾರೂ ಇರಲಿಲ್ಲ. ಚೀಟಿಯನ್ನೇ ನಂಬಿದವನು ಚೀಟಿಯನ್ನೇ ಓದಿರಲಿಲ್ಲ. ತಾಯಿ ಕನ್ನಡಕ ಏರಿಸಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಇಂತಿಂಥ ಮಾತ್ರೆಗಳು ಇವರ ಮೈಯಲ್ಲಿ ಫಲ ಕೊಡುವುದಿಲ್ಲ, ಬದಲಿ ಮದ್ದು ಕೊಡುವುದು. ಮುಗಿಯಿತು. ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದರಲ್ಲಿ ಭುಜ ಎಲ್ಲಿದೆಯೋ?"

"ಅಮ್ಮಾ?"

"ಭುಜ ಎಲ್ಲಿದೆ ಅಂತ ಕೇಳ್ದೆ. ನೋವು ಎಲ್ಲಿಂದ ಬಂತು ಅಂತ ಇದರಲ್ಲಿ ಒಂದಕ್ಷರ ಇಲ್ಲ. ಯಾವುದರಿಂದ ಹೋಗಲ್ಲ ಅಂತ ಇದೆ. ಅಷ್ಟೇ."

ಲೇಬಲಣ್ಣ ಕಾರ್ಡನ್ನು ನೋಡಿದ. ತಾಯಿಯನ್ನು ನೋಡಿದ. ಗೋಡೆಯ ಪಕ್ಕ ನಿಂತ 'ಕೊಡೆ'ಯನ್ನು ನೋಡಿದ. ಮಳೆ ಯಾರಿಂದ ಬಂತು ಎಂದು ಆ ಚೀಟಿಯೂ ಹೇಳುತ್ತಿರಲಿಲ್ಲ. ಅವನ ಮುಖದ ಮೇಲೆ ಬಹಳ ದಿನಗಳ ಮೇಲೆ ಒಂದು ಕೆಲಸಗಾರನ ಕಳೆ ಬಂತು.

"ಗುರುವಾರ ನಾನೂ ಬರ್ತೀನಿ," ಎಂದಳು ತಾಯಿ. "ನಾಟಕ ಅಂದ್ಮೇಲೆ ನಾನಿಲ್ದೆ ಹೇಗೆ?"

ಗುರುವಾರ ಕ್ಷೇಮಾಧಿಕಾರಿಗಳ ಕೋಣೆಯಲ್ಲಿ ಮೂರು ಕುರ್ಚಿ ಹಾಕಿತ್ತು. ಕ್ಷೇಮಾಧಿಕಾರಿ, ಬಿಳಿಮಾತ್ರೆ ಡಾಕ್ಟರು, ಮೇಸ್ತ್ರಿ. ನಾಲ್ಕನೆಯದು ಇರಲಿಲ್ಲ. ತಾಯಿ ಊರುಗೋಲನ್ನು ಮೇಸ್ತ್ರಿಯ ಕಾಲ ಬುಡದಲ್ಲಿ ಒಮ್ಮೆ ಕುಟ್ಟಿದಳು. ಮೇಸ್ತ್ರಿ ಎದ್ದು ನಿಂತ, ಅವಳು ಕೂತಳು. ಊಟದ ಬಿಡುವಾದ್ದರಿಂದ ರವಾನೆ ವಿಭಾಗದವರೂ ಕುಲುಮೆಯವರೂ ಕಿಟಕಿಗೆ ಮುತ್ತಿಕೊಂಡಿದ್ದರು.

"ಸಹಿ ಹಾಕೋಕೆ ಬಂದ್ಯಾ?" ಎಂದರು ಕ್ಷೇಮಾಧಿಕಾರಿ.

"ಸಹಿ ತೋರಿಸೋಕೆ ಬಂದೆ ಸಾರ್. ಅದಕ್ಕೂ ಮುಂಚೆ ಒಂದು ಮಾತು. ಪೆಟ್ಟಿಗೆ ಮೇಲೆ ನಾನು 'ಒಡೆಯುವ ವಸ್ತು' ಅಂತ ಅಂಟಿಸಿರ್ತೀನಿ. ಲಾರಿಯೋನು ಎತ್ತಿ ಒಗೀತಾನೆ. ಸೀಸೆ ಪುಡಿಪುಡಿ. ಆಗ ನೀವು ಏನಂತೀರಿ? 'ಗಾಜು ವಂಶದಿಂದಲೇ ಒಡಕು, ಲಾರಿಯೋನು ದೇವರಂಥೋನು' ಅಂತೀರಾ?"

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು.

"ಈ ಕಾರ್ಡೂ ಹಾಗೇ. ನನ್ನ ಮೈ ಯಾವ ಮಾತ್ರೆಗೆ ಬಗ್ಗಲ್ಲ ಅಂತ ಹೇಳುತ್ತೆ. ನನ್ನ ಎತ್ತಿ ಒಗೆದೋರು ಯಾರು ಅಂತ ಹೇಳಲ್ಲ. ವಂಶ ವಂಶ ಅಂತ ಬೊಗಳಿದ್ದು ನನ್ನ ದಡ್ಡತನ, ಒಪ್ಪಿಕೊಂಡೆ. ಆದ್ರೆ ನನ್ನ ದಡ್ಡತನಕ್ಕೆ ಚಕ್ರ ಇಲ್ಲ ಸಾರ್. ಅದು ಇಳಿಜಾರಲ್ಲಿ ಉರುಳಿ ಬರಲಿಲ್ಲ."

"ಟ್ರಾಲಿ ಸರಿಯಾಗೇ ಇತ್ತು," ಎಂದ ಮೇಸ್ತ್ರಿ ನಿಂತಲ್ಲಿಂದಲೇ. "ಕೆಟ್ಟಿತ್ತು ಅಂತ ನಮಗ್ಯಾರೂ ಹೇಳಿಲ್ಲ."

ಲೇಬಲಣ್ಣ ಕಂಕುಳಲ್ಲಿ ಅವಚಿಕೊಂಡಿದ್ದ ಕಿತ್ತ ಚೀಟಿಗಳ ಪುಸ್ತಕವನ್ನು ಎಡಗೈಯಲ್ಲಿ ತೆಗೆದು ಮೇಜಿನ ಮೇಲೆ ಬಿಚ್ಚಿದ. ಗೋಂದಿನಿಂದ ಉಬ್ಬಿದ ಪುಟ. ಅದರ ನಡುಮಧ್ಯೆ ಒಂದು ಹಳದಿ ಚೀಟಿ, ಅವನದೇ ಗುಂಡು ಅಕ್ಷರ: 'ಟ್ರಾಲಿಗೆ ಬ್ರೇಕ್ ಪಿನ್ ಇಲ್ಲ, ಜೋಪಾನ.' ಪಕ್ಕದಲ್ಲಿ ಭುಜ ಜಜ್ಜುವುದಕ್ಕೆ ಒಂಬತ್ತು ದಿನ ಮುಂಚಿನ ತಾರೀಕು. ಕೀಳಿಸಿದ ಕಾರಣ: 'ಹೊರಗಿನ ಗಣ್ಯರು ನೋಡಲು ಬರುತ್ತಿದ್ದಾರೆ, ಚೆನ್ನಾಗಿ ಕಾಣುವುದಿಲ್ಲ.' ಅದರ ಕೆಳಗೆ ಒಂದು ಸಹಿ.

ಡಾಕ್ಟರು ಬಗ್ಗಿ ನೋಡಿದರು. ನೋಡಿ, ಕುರ್ಚಿಯನ್ನು ಕ್ಷೇಮಾಧಿಕಾರಿಗಳಿಂದ ಒಂದು ಗೇಣು ದೂರ ಸರಿಸಿಕೊಂಡರು.

"ಇದು ನನ್ನ ಸಹಿ ಅಲ್ಲ," ಎಂದರು ಕ್ಷೇಮಾಧಿಕಾರಿ.

"ಊಟದ ಕೋಣೇಲಿ ಹಾಕಿದ್ರಿ ಸಾರ್. ಪುಟದ ಮೂಲೇಲಿ ನಿಮ್ಮ ಸಾರಿನ ಕಲೆ ಇದೆ. ಆ ಕಲೆಗೆ ಬೇಕಾದ್ರೂ ಪರೀಕ್ಷೆ ಮಾಡಿಸೋಣ. ಕೆನ್ನೆ ಕೆರೆದಷ್ಟೇ ಸುಲಭ."

ಕಿಟಕಿಯಾಚೆ ನಗು ಕಟ್ಟೆಯೊಡೆಯಿತು. ಕುಲುಮೆಯವನೊಬ್ಬ, "ನನ್ನ ಸುಟ್ಟ ಕೈಗೂ ಅದೇ ಬಿಳಿಮಾತ್ರೆ ಕೊಟ್ರಿ ಡಾಕ್ಟ್ರೇ!" ಎಂದು ಕೂಗಿದ. "ನನ್ನ ಫೈಲಲ್ಲೂ 'ನಟನೆ' ಅಂತ ಬರೆದಿದ್ದಾರೇನೋ, ತೆಗೀರಿ ನೋಡೋಣ!" ಎಂದಿತು ಇನ್ನೊಂದು ದನಿ. ಪ್ಯಾಕಿಂಗಿನ ಹೆಂಗಸರು ಇನ್ನೂ ಜೋರಾಗಿ, ಇನ್ನೂ ಹಳೆಯ ನೋವುಗಳನ್ನು ಹೇಳತೊಡಗಿದರು. ಕ್ಷೇಮಾಧಿಕಾರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅಭ್ಯಾಸಬಲ ಕೆಟ್ಟದ್ದು. ಡಾಕ್ಟರ ಕೈ ತಾನಾಗಿಯೇ ಜೇಬಿಗೆ ಹೋಗಿ ಒಂದು ಬಿಳಿ ಮಾತ್ರೆ ಹಿಡಿದು ಹೊರಬಂತು.

ತಾಯಿ ಊರುಗೋಲು ಅಡ್ಡ ಹಿಡಿದಳು.

"ತಡೀರಿ ಡಾಕ್ಟ್ರೇ. ಯಾರಿಗೆ ಏನು ಹಿಡಿಯುತ್ತೋ ಯಾರಿಗೆ ಗೊತ್ತು? ಮೊದಲು ಸಾಹೇಬರ ಕೆನ್ನೆ ಕೆರೀರಿ."

ಸಾಹೇಬರು ಎರಡೂ ಕೆನ್ನೆಗಳನ್ನು ಕೈಯಿಂದ ಮುಚ್ಚಿಕೊಂಡರು. ವಿಚಾರಣೆ ಅಲ್ಲಿಗೆ ಮುಗಿಯಿತು ಎನ್ನಬೇಕು. ಮೂರು ಸಾಲಿನ ಕಾಗದ ಸಹಿಯಿಲ್ಲದೆ ಮೇಜಿನ ಮೇಲೇ ಉಳಿಯಿತು. ಲೇಬಲಣ್ಣ ಫೈಲು ಇಸಿದುಕೊಂಡು, 'ನೋವು ನಟಿಸುತ್ತಾನೆ' ಎಂಬ ಸಾಲಿನ ಮೇಲೆ ಡಾಕ್ಟರ ಕೈಯಿಂದಲೇ ಅಡ್ಡಗೀಟು ಎಳೆಸಿ, 'ಟ್ರಾಲಿ ಬಡಿದು ಭುಜಕ್ಕೆ ಏಟು' ಎಂದು ಬರೆಸಿ, ಕೆಳಗೆ ಕ್ಷೇಮಾಧಿಕಾರಿಗಳ ಸಹಿ ಹಾಕಿಸಿದ. ಈ ಸಲ ಅವರು ಓದಿಯೇ ಹಾಕಿದರು. ಗಾಯ ಮಾಗುವವರೆಗೆ ಕೂತು ಮಾಡುವ ಕೆಲಸ ಎಂದೂ ಸೇರಿಸಿಕೊಂಡ. ಕಿಟಕಿಯ ತುಂಬ ಕಣ್ಣಿದ್ದಾಗ ಬರೆಯುವ ಕೈ ಬಹಳ ಉದಾರವಾಗಿರುತ್ತದೆ.

ಹೊರಗೆ ಬಂದರೆ ಇಳಿಜಾರಿನ ತುದಿಯಲ್ಲಿ ಅದೇ ಟ್ರಾಲಿ. ಬ್ರೇಕಿನ ಜಾಗದಲ್ಲಿ ಹೊಸ ಮರದ ಚಕ್ಕೆ.

ಲೇಬಲಣ್ಣ ಜೇಬಿನಿಂದ ಹಳದಿ ಚೀಟಿ ತೆಗೆದ. ಎಡಗೈಯಲ್ಲೇ ಬರೆದದ್ದು, ಅಕ್ಷರ ಕೊಂಚ ಸೊಟ್ಟ. 'ಬ್ರೇಕ್ ಪಿನ್ ಇಲ್ಲ. ಮುಟ್ಟಬಾರದು.' ಟ್ರಾಲಿಯ ಹಿಡಿಗೆ ಅಂಟಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ತೀಡಿದ. ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಯಾರೂ ಟ್ರಾಲಿಗೆ ಕೈ ಹಾಕಲಿಲ್ಲ. ಮೇಸ್ತ್ರಿ ಕೂಗಿದ, ಆಗಲೂ ಹಾಕಲಿಲ್ಲ. ಚೀಟಿ ಕೀಳಲು ಕೈ ಎತ್ತಿದವನ ಮುಂದೆ ಯಾರೋ ಪುಸ್ತಕವನ್ನೂ ಪೆನ್ನನ್ನೂ ಹಿಡಿದರು. ಎತ್ತಿದ ಕೈ ಹಾಗೇ ಹೋಗಿ ತಲೆ ಕೆರೆದುಕೊಂಡಿತು.

ತಾಯಿ ವಿಚಾರಣೆಯ ಕೋಣೆಯಲ್ಲಿ ತಾನು ಕೂತಿದ್ದ ಕುರ್ಚಿಯನ್ನೇ ತರಿಸಿ ಟ್ರಾಲಿಯ ಎದುರು ಹಾಕಿಸಿಕೊಂಡು ಕೂತಳು. ಪಿನ್ನು ಬರುವತನಕ ಏಳುವುದಿಲ್ಲವೆಂದು ಹೇಳಿದಳು. ಒಂದು ಗಂಟೆಯಾಯಿತು, ಎರಡಾಯಿತು. ಮಗ ಹತ್ತಿರ ಬಂದು ಬಗ್ಗಿ ಕೇಳಿದ.

"ಅಮ್ಮಾ, ಸೊಂಟ ನೋಯ್ತಿಲ್ವಾ?"

"ನೋಯ್ತಿದೆ ಕಣೋ, ಚೆನ್ನಾಗಿ ನೋಯ್ತಿದೆ," ಎಂದಳು ತಾಯಿ, ಮೇಸ್ತ್ರಿಗೂ ಡಾಕ್ಟರಿಗೂ ಕ್ಷೇಮಾಧಿಕಾರಿಗಳ ಕಿಟಕಿಗೂ ಕೇಳುವ ಹಾಗೆ. "ಇಲ್ಲ ಅಂತ ಯಾರಾದ್ರೂ ಹೇಳ್ಲಿ, ನೋಡೋಣ."